ದಾರ ಒಪ್ಪಿದ ನೀರು

ಗಜೇಂದ್ರಗಡದ ಬಣ್ಣಗಾರ ಸಿದ್ದಾರೂಢ ಟ್ರ್ಯಾಕ್ಟರಿಗೆ ಸಿಕ್ಕು ಸತ್ತ ಎಂದು ಎಲ್ಲರೂ ಹೇಳುತ್ತಾರೆ. ಪೊಲೀಸರೂ ಹಾಗೆಯೇ ಬರೆದುಕೊಂಡರು. ನಾನು ಒಪ್ಪುವುದಿಲ್ಲ. ಅವನನ್ನು ಕೊಂದದ್ದು ನೀರು. ನೀರಿಗಿಂತ ಹೆಚ್ಚಾಗಿ, ನೀರಿನ ಬಗ್ಗೆ ಅವನು ತಲೆಯಲ್ಲಿ ತುಂಬಿಕೊಂಡಿದ್ದ ವಿಚಾರ.

ಸತ್ತವನ ಬಗ್ಗೆ ಸಿಟ್ಟಿನಲ್ಲಿ ಬರೆಯಬೇಡ ಎಂದು ಮನೆಯವರು ಹೇಳಿದರು. ಸಿಟ್ಟು ಇಳಿಯಲಿ ಎಂದು ಒಂದು ಮಳೆಗಾಲ ಕಾದು ನೋಡಿದೆ. ಇಳಿಯಲಿಲ್ಲ. ನಾನು ರೋಣದಲ್ಲಿ ಬಟ್ಟೆ ಅಂಗಡಿ ಇಟ್ಟವನು, ಹೆಸರು ಅಂದಾನೆಪ್ಪ. ಸಿದ್ದಾರೂಢ ಮತ್ತು ನಾನು ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು. ಆಮೇಲೆ ನಾನು ಕಾಲೇಜಿಗೆ ಹೋದೆ, ಅವನು ಅಪ್ಪನ ಬಣ್ಣದ ಕಡಾಯಿಗೆ ಹೋದ. ಅವನು ಬಣ್ಣ ಕಟ್ಟಿದ ನೂಲಿನಲ್ಲಿ ನೇಯ್ದ ಪಟ್ಟೇದಂಚು ಸೀರೆಗಳು ನನ್ನ ಅಂಗಡಿಗೆ ಬರುತ್ತಿದ್ದವು. ನಲವತ್ತು ವರ್ಷಗಳಲ್ಲಿ ನಾವು ಜಗಳವಾಡದ ತಿಂಗಳು ಇರಲಿಲ್ಲ. ಜಗಳ ಯಾವಾಗಲೂ ಒಂದೇ.

ಬಣ್ಣ ಕಟ್ಟುವವನಿಗೆ ನೀರೇ ಎಲ್ಲ. ಅದೇ ಪುಡಿ, ಅದೇ ಬೆಂಕಿ, ಅದೇ ಕೈ ಇದ್ದರೂ ಒಂದು ಬಾವಿಯ ನೀರಿನಲ್ಲಿ ನೂಲು ರಕ್ತದಂತೆ ಕೆಂಪಾಗುತ್ತದೆ, ಇನ್ನೊಂದು ಬಾವಿಯ ನೀರಿನಲ್ಲಿ ಚುಕ್ಕೆ ಚುಕ್ಕೆಯಾಗಿ ಹಾಳಾಗುತ್ತದೆ. ಹೀಗಾಗಿ ಸಿದ್ದಾರೂಢನ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಹೊಸ ನೀರು ಸಿಕ್ಕರೆ ಅದರಲ್ಲಿ ಚಿಟಿಕೆ ಕೆಂಪು ಬಣ್ಣ ಕದಡಿ, ಬೆರಳುದ್ದದ ಬಿಳಿ ದಾರ ಅದ್ದಿ, ನೆರಳಿನಲ್ಲಿ ಒಣಗಿಸಿ ನೋಡುವುದು. ಬಣ್ಣ ಸಮನಾಗಿ ಹತ್ತಿದರೆ ದಾರ ಆ ನೀರನ್ನು ಒಪ್ಪಿತು ಎನ್ನುತ್ತಿದ್ದರು. ಒಪ್ಪಿದ ನೀರು ಮಾತ್ರ ಕಡಾಯಿಗೆ. ಇಷ್ಟರವರೆಗೆ ಯಾರದೂ ತಕರಾರಿಲ್ಲ.

ಅವರ ಓಣಿಯ ಕೊನೆಗೆ, ಗುಡ್ಡದ ಬುಡದಲ್ಲಿ, ಒಂದು ಕೊಳವೆಬಾವಿ ಇದೆ. ಊರಿನ ಉಳಿದ ಬಾವಿಗಳ ನೀರೆಲ್ಲ ಸವಳು, ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬರುವುದಿಲ್ಲ. ಈ ಬಾವಿಯ ನೀರು ಮಾತ್ರ ಮೆತ್ತಗೆ. ದಾರ ಅದನ್ನು ಒಪ್ಪಿದಂತೆ ಬೇರೆ ಯಾವುದನ್ನೂ ಒಪ್ಪಲಿಲ್ಲ. ಕೆಲವು ವರ್ಷಗಳ ನಂತರ ಊರಿಗೆ ನಳದಲ್ಲಿ ಹೊಳೆಯ ನೀರು ಬಂತು. ಸಿದ್ದಾರೂಢ ಅದಕ್ಕೂ ದಾರ ಅದ್ದಿದ. ಶುದ್ಧ ಮಾಡಲು ಹಾಕಿದ ಔಷಧಿಯ ಪುಡಿ ಕೆಂಪನ್ನು ತಿಂದು ದಾರ ಸುಣ್ಣ ಬಳಿದಂತೆ ಬೆಳ್ಳಗಾಯಿತು. ಅವನು ಆ ದಾರವನ್ನು ಎತ್ತಿ ಹಿಡಿದು ಓಣಿಯವರಿಗೆಲ್ಲ ತೋರಿಸಿದನಂತೆ. ಬಣ್ಣವನ್ನೇ ಕೊಲ್ಲುವ ನೀರು ಕರುಳನ್ನು ಬಿಡುತ್ತದೆಯೇ ಎಂದು ಕೇಳಿದನಂತೆ. ಓಣಿಯವರು ನಳದ ನೀರಿನಲ್ಲಿ ಪಾತ್ರೆ ತೊಳೆದರು, ಕುಡಿಯಲು ಕೊಳವೆಬಾವಿಗೆ ಹೋದರು. ಕಡಾಯಿಯ ಪರೀಕ್ಷೆಯನ್ನು ಅವನು ಬಾಯಿಗೂ ಹಚ್ಚಿದ. ಬಣ್ಣಗಾರನಲ್ಲದವನು ಈ ತಪ್ಪು ಮಾಡುತ್ತಿರಲಿಲ್ಲ.

ಆ ಬಾವಿಯ ನೀರಿನಲ್ಲಿ ಹಲ್ಲು ಮೂಳೆ ಕೆಡಿಸುವ ಫ್ಲೋರೈಡ್ ವಿಪರೀತವಾಗಿತ್ತು. ನಮ್ಮ ಕಡೆಯ ಕಲ್ಲಿನ ಗುಣವೇ ಹಾಗೆ. ನೀರಿನಲ್ಲಿ ಸುಣ್ಣದ ಅಂಶ ಎಲ್ಲಿ ಕಡಿಮೆಯೋ ಅಲ್ಲಿ ಫ್ಲೋರೈಡ್ ಸಲೀಸಾಗಿ ಕರಗುತ್ತದೆ. ಸುಣ್ಣ ಕಡಿಮೆ ಇದ್ದದ್ದಕ್ಕೇ ನೀರು ಮೆತ್ತಗಿತ್ತು, ಬಣ್ಣ ಚೆನ್ನಾಗಿ ಹತ್ತುತ್ತಿತ್ತು. ದಾರ ಒಪ್ಪಿದ್ದೂ ಮೂಳೆ ಕೆಟ್ಟದ್ದೂ ಒಂದೇ ಕಾರಣಕ್ಕೆ. ಇದನ್ನು ನಾನು ಅವನಿಗೆ ಪುಸ್ತಕ ತೆರೆದು ತೋರಿಸಿದ್ದೇನೆ. ಅವನು ಪುಸ್ತಕವನ್ನು ಮುಚ್ಚಿ, ಅದರ ಮೇಲೆ ಚಹಾದ ಕಪ್ಪು ಇಟ್ಟ.

ಇಷ್ಟೇ ಆಗಿದ್ದರೆ ಅವನು ಎಂದಾದರೂ ಬದಲಾಗುತ್ತಿದ್ದನೇನೋ. ಆದರೆ ಊರಿಗೆ ಅರುಣಕುಮಾರ ಎಂಬುವನು ಬಂದ. ಹುಬ್ಬಳ್ಳಿ ಕಡೆಯವನು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಒಂದು ಪರದೆ, ಒಂದು ಯಂತ್ರ. ಕಲ್ಯಾಣ ಮಂಟಪದಲ್ಲಿ ನೀರಿನ ವಿಜ್ಞಾನ ಎಂದು ಭಾಷಣ ಮಾಡಿದ. ನೀರಿಗೆ ನೆನಪಿದೆ ಎಂದ. ತಾನು ಮುಟ್ಟಿದ್ದನ್ನೆಲ್ಲ ಅದು ನೆನಪಿಡುತ್ತದೆ. ಒಳ್ಳೆಯ ಮಾತು ಕೇಳಿಸಿದರೆ ಅದರ ಹಿಮದ ಹರಳು ಹೂವಿನಂತೆ ಅರಳುತ್ತದೆ, ಬೈದರೆ ಒಡೆದು ಕುರೂಪವಾಗುತ್ತದೆ ಎಂದು ಪರದೆಯ ಮೇಲೆ ಚಿತ್ರ ತೋರಿಸಿದ. ಜೀವಂತ ನೀರಿನ ಕಣಗಳು ಜೇನುಗೂಡಿನಂತೆ ಆರು ಮೂಲೆಯಾಗಿ ಕೈ ಹಿಡಿದು ಕೂತಿರುತ್ತವೆ, ನೆಟ್ಟನೆಯ ಕೊಳವೆಯಲ್ಲಿ ಹರಿಸಿದರೆ ಆ ಗೂಡು ಒಡೆದು ನೀರು ಸಾಯುತ್ತದೆ, ತಾಮ್ರದ ಸುರುಳಿಯಲ್ಲಿ ತಿರುಗಿಸಿದರೆ ಮತ್ತೆ ಜೀವ ಬರುತ್ತದೆ ಎಂದ. ನಾನು ಆ ದಿನ ಅಲ್ಲಿದ್ದೆ. ಪಕ್ಕದಲ್ಲಿ ಸಿದ್ದಾರೂಢ ಕೂತಿದ್ದ. ನಲವತ್ತು ವರ್ಷ ತಾನು ಕೈಯಲ್ಲಿ ಅರಿತದ್ದನ್ನು ಯಾರೋ ಮೊದಲ ಸಲ ಬಾಯಲ್ಲಿ ಹೇಳುತ್ತಿದ್ದಾರೆ ಎಂಬಂತೆ ಅವನ ಮುಖ ಇತ್ತು. ಅವನ ಅಪ್ಪನೂ ಹೊತ್ತು ತಂದ ನೀರನ್ನು ಕಲ್ಲಿನ ದೋಣಿಯಲ್ಲಿ ಒಂದು ರಾತ್ರಿ ಬಿಟ್ಟು ಆಮೇಲೆ ಕಡಾಯಿಗೆ ಹಾಕುತ್ತಿದ್ದ. ನೀರು ದಣಿದಿರುತ್ತದೆ, ಮಲಗಲಿ ಎನ್ನುತ್ತಿದ್ದ. ನಿಂತ ನೀರಿನಲ್ಲಿ ಮಣ್ಣು ತಳಕ್ಕೆ ಇಳಿಯುತ್ತದೆ, ಅಷ್ಟೇ. ಮಲಗುವುದು ಏಳುವುದು ಏನೂ ಇಲ್ಲ.

ನೀರು ವಿಚಿತ್ರ ವಸ್ತು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಗಟ್ಟಿಯಾದರೆ ಮುಳುಗಬೇಕು, ಅದು ತೇಲುತ್ತದೆ. ದೊಡ್ಡ ದೊಡ್ಡವರು ಇಂದಿಗೂ ಅದರ ಬಗ್ಗೆ ವಾದ ಮಾಡುತ್ತಾರೆ. ನೀರಿಗೆ ನೆನಪಿದೆ ಎಂದು ಹೊರದೇಶದ ಒಬ್ಬ ವಿಜ್ಞಾನಿ ಹೇಳಿದ್ದೂ ನಿಜ. ಬೇರೆಯವರು ಎದುರು ನಿಂತು ಪರೀಕ್ಷಿಸಿದಾಗ ಅದು ನಿಲ್ಲಲಿಲ್ಲ ಎಂಬುದೂ ನಿಜ. ನೀರಿನ ಕಣಗಳು ಕೈ ಹಿಡಿಯುತ್ತವೆ, ಆದರೆ ಕಣ್ಣು ಮಿಟುಕಿಸುವುದರೊಳಗೆ ಕೋಟ್ಯಂತರ ಸಲ ಕೈ ಬಿಟ್ಟು ಬೇರೆಯದನ್ನು ಹಿಡಿಯುತ್ತವೆ. ಅಷ್ಟು ಹೊತ್ತು ನಿಲ್ಲದ ಗೂಡಿನಲ್ಲಿ ಯಾವ ನೆನಪು ಕೂಡುತ್ತದೆ? ಸೀರೆ ಕೊಡಲು ಅವನೂ ನನ್ನ ಜೊತೆ ರೋಣಕ್ಕೆ ಹೊರಟಿದ್ದ, ಬಸ್ಸಿನಲ್ಲಿ ಇದನ್ನೆಲ್ಲ ಹೇಳಿದೆ. ಅವನು ಕಿಟಕಿಯ ಕಡೆ ನೋಡುತ್ತ, ಬಸ್ಸಿಗೆಲ್ಲ ಕೇಳುವಂತೆ ಹೇಳಿದ.

"ಅಂದ್ಯಾ, ನೀ ಅರಿವಿ ಮಾರಾಂವ. ನೀರಾಗ ಯಾವತ್ತರ ಮೊಣಕೈತನಕ ಕೈ ಇಟ್ಟೀಯೇನ? ಓದಿದ್ದಕ್ಕ ನೀರು ತಿಳಿಯಂಗಿದ್ರ ಕಪ್ಪಿ ಎಂದೋ ಮಾಸ್ತರ ಆಗತಿತ್ತು."

ಬಸ್ಸು ನಕ್ಕಿತು. ನಾನು ನಡುದಾರಿಯ ರಾಜೂರಿನಲ್ಲಿಯೇ ಇಳಿದು ಮುಂದಿನ ಬಸ್ಸು ಹಿಡಿದೆ.

ಅರುಣಕುಮಾರನಿಗೆ ಬೇಕಿದ್ದದ್ದು ಇಂಥ ಮನುಷ್ಯನೇ. ಕಡಾಯಿಯ ಮುಂದೆ, ಕೆಂಪು ಕೈಗಳ ಸಮೇತ, ಅವನ ವಿಡಿಯೊ ಮಾಡಿದ. ಪರಂಪರೆಯ ಬಣ್ಣಗಾರರು ನೀರಿನ ಜೀವವನ್ನು ಎಂದೋ ಕಂಡಿದ್ದರು ಎಂದು ಅದಕ್ಕೆ ಹೆಸರಿಟ್ಟ. ತಾಮ್ರದ ಸುರುಳಿ ಕೂಡಿಸಿದ ಕೊಡ ತಂದು ಕೊಟ್ಟ. ಸಿದ್ದಾರೂಢ ಮುಂಜಾನೆ ಕೊಳವೆಬಾವಿಯ ನೀರನ್ನು ಅದರಲ್ಲಿ ಇಳಿಸಿ, ಎರಡು ಒಳ್ಳೆಯ ಮಾತು ಹೇಳಿ, ಓಣಿಯ ಮಕ್ಕಳಿಗೆ ಒಂದೊಂದು ಲೋಟ ಕುಡಿಸಿ ಶಾಲೆಗೆ ಕಳಿಸತೊಡಗಿದ. ಅವನನ್ನು ನೀರಿನ ಅಜ್ಜ ಎಂದು ಕರೆದರು. ಕಡಾಯಿಯ ಮುಂದೆಯೇ ಬದುಕು ಕಳೆದವನಿಗೆ ಊರಲ್ಲಿ ಇಂಥದೊಂದು ಹೆಸರು ಸಿಕ್ಕಿದರೆ ಅದನ್ನು ಬಿಡುವುದು ಸುಲಭವೇ?

ಮನೆಯಲ್ಲಿ ಒಬ್ಬಳು ಮಾತ್ರ ನಂಬಲಿಲ್ಲ. ಸೊಸೆ ನಿರ್ಮಲಾ, ಹೊಳೆಆಲೂರಿನವಳು, ಹೊಳೆಯ ನೀರು ಕುಡಿದು ಬೆಳೆದವಳು. ಮದುವೆಯಾಗಿ ಬಂದ ಮೇಲೆ ಓಣಿಯ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆಗಳನ್ನು ನೋಡಿ ಹೆದರಿದ್ದಳು. ಮಾವನಿಗೆ ಕುತ್ತಿಗೆ ಬಿಗಿಯುತ್ತ ಬಂದದ್ದನ್ನೂ ಮೊದಲು ಗುರುತಿಸಿದವಳು ಅವಳೇ. ಅವನು ವಾತ ಎಂದ. ಕ್ರಮೇಣ ಬೆನ್ನು ನೆಟ್ಟಗೆ ಕಂಬವಾಯಿತು. ಹಿಂದೆ ಯಾರಾದರೂ ಕರೆದರೆ ತಲೆ ತಿರುಗಿಸಲಾರದೆ ಪಾದದಿಂದ ಇಡೀ ಮೈಯನ್ನು ತಿರುಗಿಸುತ್ತಿದ್ದ. ಕಡಾಯಿಗೆ ಬಗ್ಗಲಾರದೆ ಮಗ ಅಮರೇಶನಿಗೆ ಕೆಲಸ ಬಿಟ್ಟುಕೊಟ್ಟ. ನಾನು ಅವನನ್ನು ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರು ಎಕ್ಸ್‌ರೇ ನೋಡಿ ಯಾವ ನೀರು ಕುಡಿಯುತ್ತೀರಿ ಎಂದು ಕೇಳಿದ ಕೂಡಲೇ ಅವನು ಅಂಗಿ ಹಾಕಿಕೊಂಡು ಎದ್ದುಬಂದ.

ನಿರ್ಮಲಾ ತನ್ನ ಮಗಳು ಚಿನ್ನುವಿಗಾಗಿ ನಳದ ನೀರನ್ನು ಬೇರೆ ಕೊಡದಲ್ಲಿ ಹಿಡಿದಿಟ್ಟಳು. ಚಿನ್ನುವಿಗೆ ಆಗ ಹಾಲುಹಲ್ಲು ಬಿದ್ದು ಹೊಸ ಹಲ್ಲು ಮೂಡುವ ವಯಸ್ಸು. ಮಾವ ಆ ಕೊಡವನ್ನು ಅಂಗಳಕ್ಕೆ ಸುರಿದ. ಅವಳು ಮತ್ತೆ ತುಂಬಿದಳು. ಅವನು ಮತ್ತೆ ಸುರಿದ. ನಾನು ಹೋದ ಒಂದು ದಿನ ಅವಳು ಖಾಲಿ ಕೊಡವನ್ನು ಅವನ ಕಾಲ ಬುಡಕ್ಕೆ ಇಟ್ಟು ಹೇಳಿದಳು.

"ನಿಮ್ಮ ಕುತ್ತಿಗಿ ನಿಮಗಿರ್ಲಿ ಮಾವ. ನನ್ನ ಮಗಳ ಕುತ್ತಿಗಿ ನಿಮ್ಮ ಕಡಾಯಿ ಅಲ್ರಿ."

ಅವನು ಅವಳ ಕಡೆ ನೋಡಲೂ ಆಗದೆ ಗೋಡೆಗೆ ಹೇಳಿದಂತೆ, ತನ್ನ ಮನೆಯ ಹುಡುಗಿ ಸತ್ತ ನೀರು ಕುಡಿದರೆ ಓಣಿಯವರು ತನ್ನನ್ನು ಏನೆಂದು ತಿಳಿಯಬೇಕು ಎಂದ. ಮಗುವಿನ ಮೂಳೆಗಿಂತ ಓಣಿಯ ಮಾತು ಅವನಿಗೆ ದೊಡ್ಡದಾಗಿತ್ತು. ಆ ದಿನ ನಾನು ಅಲ್ಲಿ ಊಟ ಮಾಡಲಿಲ್ಲ.

ಮರುವರ್ಷ ಬೇಸಿಗೆಯಲ್ಲಿ ನಿಲೋಫರ ಎಂಬ ಹುಡುಗಿ ಸರಕಾರದ ಪರವಾಗಿ ಊರೂರು ತಿರುಗಿ ನೀರು ಪರೀಕ್ಷೆ ಮಾಡುತ್ತ ಅವರ ಓಣಿಗೂ ಬಂದಳು. ಅವಳ ಪೆಟ್ಟಿಗೆಯಲ್ಲಿ ಒಂದು ಕೆಂಪು ದ್ರಾವಣ. ನೀರಿಗೆ ನಾಲ್ಕು ಹನಿ ಹಾಕಿದರೆ, ಫ್ಲೋರೈಡ್ ಇಲ್ಲದಿದ್ದರೆ ಕೆಂಪು ಹಾಗೆಯೇ ಉಳಿಯುತ್ತದೆ, ಹೆಚ್ಚಿದ್ದರೆ ಹಳದಿಗೆ ತಿರುಗುತ್ತದೆ. ಓಣಿಯೆಲ್ಲ ಸೇರಿತ್ತು. ನನಗೆ ಇದನ್ನು ಹೇಳಿದವಳು ಸಿದ್ದಾರೂಢನ ಎದುರುಮನೆಯ ಸಕ್ರವ್ವ. ಚಿನ್ನುವಿನ ವಾರಿಗೆಯ ಒಬ್ಬ ಮೊಮ್ಮಗ ಅವಳಿಗಿದ್ದಾನೆ. ನಳದ ನೀರಿನ ಶೀಶೆ ಕೆಂಪಾಗಿಯೇ ಉಳಿಯಿತು. ಕೊಳವೆಬಾವಿಯ ಶೀಶೆ ನೋಡುನೋಡುತ್ತ ಹಳದಿಯಾಯಿತು. ಸಿದ್ದಾರೂಢ ಎರಡೂ ಶೀಶೆಗಳನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದನಂತೆ. ಇದು ಯಾವ ಬಣ್ಣ ಎಂದು ಕೇಳಿದನಂತೆ. ಮಂಜಿಷ್ಠದ ಬೇರಿನಲ್ಲಿರುವ ಬಣ್ಣವೇ, ಈಗ ಕಾರ್ಖಾನೆಯಲ್ಲಿ ಮಾಡುತ್ತಾರೆ ಎಂದಳಂತೆ ಅವಳು. ಸಿದ್ದಾರೂಢ ಶೀಶೆಯನ್ನು ಅವಳ ಕೈಗೆ ಕೊಟ್ಟು, ಜನರ ಕಡೆ ಮೈ ತಿರುಗಿಸಿ ತೀರ್ಪು ಹೇಳಿದ. "ಬಣ್ಣ ಕಚ್ಚಾ ಐತಿ. ಜೀವಂತ ನೀರು ಸುಳ್ಳು ಬಣ್ಣ ಒಪ್ಪಂಗಿಲ್ಲ. ನಡೀರಿ."

ಜನ ನಡೆದರು. ನಿಲೋಫರಳನ್ನು ಹುಡುಗರು ಬಣ್ಣದಕ್ಕಾ ಎಂದು ಕೂಗುತ್ತ ಓಣಿಯ ಹೊರಗಿನತನಕ ಬೆನ್ನಟ್ಟಿದರು. ಅವಳು ಕೊಳವೆಬಾವಿಯ ಮೇಲೆ ಅಂಟಿಸಿ ಹೋದ ಎಚ್ಚರಿಕೆಯ ಕಾಗದ ಸಂಜೆಯೊಳಗೆ ಹರಿದಿತ್ತು. ಸಕ್ರವ್ವ ನನಗೆ ಇದನ್ನು ಖುಷಿಯಿಂದ ಹೇಳಿದಳು, ನೀರಿನ ಅಜ್ಜ ಸರಕಾರವನ್ನೇ ಸೋಲಿಸಿದ ಎಂಬಂತೆ.

ಅದಾಗಿ ಕೆಲವು ತಿಂಗಳಿಗೆ ಅವನು ಸೀರೆಗಳ ಗಂಟಿನೊಂದಿಗೆ ನನ್ನ ಅಂಗಡಿಗೆ ಬಂದ. ಮೆಟ್ಟಿಲು ಹತ್ತಲು ಗೋಡೆ ಹಿಡಿದ. ಗಿರಾಕಿಗಳಿದ್ದರು. ನಾನು ಸುಮ್ಮನಿರಲಿಲ್ಲ. ನಿನ್ನ ಮೈ ನೋಡಿಕೋ, ನಿನ್ನ ಓಣಿಯ ಹುಡುಗರ ಹಲ್ಲು ನೋಡು, ಒಂದು ಸಲ ಬಾಯಿಬಿಟ್ಟು ಆ ನೀರು ಕುಡಿಯಬೇಡಿ ಎಂದರೆ ನಾಳೆಯೇ ಎಲ್ಲರೂ ಬಿಡುತ್ತಾರೆ, ನಿನ್ನ ಒಂದು ಮಾತಿನ ಮೇಲೆ ಅವರು ಕುಡಿಯುತ್ತಿದ್ದಾರೆ ಎಂದೆ. ಅವನು ಗಂಟನ್ನು ಗಾದಿಯ ಮೇಲೆ ಇಳಿಸಿದ. ನನ್ನ ಕಡೆ ಪೂರ್ತಿ ಮೈ ತಿರುಗಿಸಿ ನಿಂತ.

"ನನ್ನ ಓಣಿ ನನ್ನ ಮಾತು ಕೇಳತೈತಿ, ಅದ ನಿನಗ ಚುಚ್ಚತೈತಿ. ಇಷ್ಟು ಪುಸ್ತಕ ಓದಿ ನಿನ್ನ ಮಾತು ನಿನ್ನ ಗುಮಾಸ್ತನೂ ಕೇಳಂಗಿಲ್ಲ. ಇನ್ನ ನನ್ನ ಸೀರಿ ಬ್ಯಾರೆ ಅಂಗಡಿಗೆ ಹೊಕ್ಕಾವು."

ಗಂಟು ಎತ್ತಿಕೊಂಡು ಇಳಿದು ಹೋದ. ಮತ್ತೆ ಬರಲಿಲ್ಲ. ನಾನೂ ಹೋಗಲಿಲ್ಲ.

ಮುಂಗಾರು ಶುರುವಾದ ಮೇಲೆ ಅವನು ರಾಜೂರ ರಸ್ತೆಯಲ್ಲಿ ನಡೆದು ಹೋಗುತ್ತಿದ್ದಾಗ ಹಿಂದಿನಿಂದ ಬೀಜ ಗೊಬ್ಬರ ತುಂಬಿದ ಟ್ರ್ಯಾಕ್ಟರು ಬಂತು. ನಡೆಸುತ್ತಿದ್ದವನು ಬಸ್ಯಾ, ಊರಿನವನೇ, ಹಾರ್ನ್ ಹೊಡೆದ. ಬೇರೆ ಯಾರೇ ಆಗಿದ್ದರೂ ತಲೆ ತಿರುಗಿಸಿ ನೋಡಿ ಪಕ್ಕಕ್ಕೆ ಸರಿಯುತ್ತಿದ್ದರು. ಇವನು ನೋಡಬೇಕೆಂದರೆ ಇಡೀ ಮೈ ತಿರುಗಬೇಕು. ತಿರುಗಲು ಒಂದು ಹೆಜ್ಜೆ ರಸ್ತೆಯ ಕಡೆಗೆ ಇಟ್ಟ. ಬಸ್ಯಾ ಇವತ್ತಿಗೂ ಟ್ರ್ಯಾಕ್ಟರು ಹತ್ತುವುದಿಲ್ಲ. ಅಜ್ಜ ನನ್ನ ಕಡೆನ ನಡೆದು ಬಂದಂಗ ಆತ್ರಿ ಎಂದು ಎಲ್ಲರಿಗೂ ಹೇಳುತ್ತಾನೆ. ಅವನ ಮೇಲೆ ನನಗೆ ಸಿಟ್ಟಿಲ್ಲ.

ಹನ್ನೊಂದನೆಯ ದಿನದ ಕಾರ್ಯಕ್ಕೆ ಹೋದೆ. ಅಂಗಳದಲ್ಲಿ ಶಾಮಿಯಾನ, ಅದರ ಕೆಳಗೆ ಓಣಿಯೆಲ್ಲ. ಮಕ್ಕಳು ಸಾಲಾಗಿ ಊಟಕ್ಕೆ ಕೂತಿದ್ದರು. ತಾಮ್ರದ ಕೊಡಗಳಲ್ಲಿ ಅದೇ ಬಾವಿಯ ನೀರು. ಅರುಣಕುಮಾರ ಬಂದಿದ್ದ, ಅದೇ ಬಿಳಿ ಅಂಗಿ. ಫೋಟೊಗೆ ಹಾರ ಹಾಕಿ ಮಾತಾಡಿದ. ಸಿದ್ದಾರೂಢಪ್ಪನವರು ದೇಹ ಬಿಟ್ಟಿದ್ದಾರೆ, ಆದರೆ ಅವರ ಕೈ ಮುಟ್ಟಿದ ನೀರು ಅವರನ್ನು ನೆನಪಿಟ್ಟುಕೊಂಡಿದೆ, ಈ ಬಾವಿಗೆ ಅವರ ಹೆಸರು ಬರೆಸೋಣ, ಮಕ್ಕಳಿಗೆ ದಿನಾ ನೀರು ಕುಡಿಸುವ ಅವರ ಪದ್ಧತಿ ನಿಲ್ಲಬಾರದು ಎಂದ. ಜನ ಚಪ್ಪಾಳೆ ತಟ್ಟಿದರು. ಸಾವಿನ ಮನೆ ಎಂದು ನೆನಪಾಗಿ ನಿಲ್ಲಿಸಿದರು.

ನಾನು ಎದ್ದು ನಿಂತೆ. ಈ ನೀರಿಗೆ ಯಾರ ನೆನಪೂ ಇಲ್ಲ ಎಂದೆ. ಇದರಲ್ಲಿರುವುದು ಮೂಳೆ ಕಲ್ಲಾಗಿಸುವ ವಿಷ, ಅದೇ ಅವನ ಕುತ್ತಿಗೆ ಹಿಡಿಯಿತು, ಕುತ್ತಿಗೆ ತಿರುಗಿದ್ದರೆ ಅವನು ಇವತ್ತು ಬದುಕಿರುತ್ತಿದ್ದ, ಅವನ ಹೆಸರಿನಲ್ಲಿ ಇನ್ನೊಂದು ಮಗುವಿಗೆ ಇದನ್ನು ಕುಡಿಸಬೇಡಿ ಎಂದೆ. ಇನ್ನೂ ಏನೇನೋ ಹೇಳಬೇಕೆಂದಿದ್ದೆ. ಬಿಡಲಿಲ್ಲ. ಸೀರೆ ಕೊಡುವುದು ನಿಲ್ಲಿಸಿದ ಸಿಟ್ಟು ಹೆಣದ ಮೇಲೆ ತೀರಿಸಿಕೊಳ್ಳುತ್ತಿದ್ದಾನೆ ಎಂದರು. ಅರುಣಕುಮಾರ ಕೈ ಮುಗಿದು, ಹಿರಿಯರಿಗೆ ದುಃಖ ಹೆಚ್ಚಾಗಿದೆ, ಬೈಗುಳ ನೀರಿಗೂ ಒಳ್ಳೆಯದಲ್ಲ ಎಂದ. ಯಾರೋ ನನ್ನ ತೋಳು ಹಿಡಿದು ಹೊರಗೆ ಎಳೆದರು. ಸಕ್ರವ್ವ ನಡುವೆ ಬಂದು ನಿಂತಳು.

"ಆಂವ ದೇವರಂಥಾ ಮನಶಾ. ತನ್ನ ಮೊಮ್ಮಗಳಿಗೆ ಕುಡಿಸಿದ್ದನ್ನ ನನ್ನ ಮೊಮ್ಮಗಗ ಕುಡಿಸ್ಯಾನ. ವಿಷ ಇದ್ರ ತನ್ನ ಮನಿ ಕೂಸಿಗೆ ಕೊಡತಿದ್ನೇನೋ ಸಾವ್ಕಾರ?"

ಉತ್ತರ ಬಾಗಿಲಿನಿಂದ ಬಂತು. ಸಾರಿನ ಪಾತ್ರೆ ಹಿಡಿದುಕೊಂಡಿದ್ದ ನಿರ್ಮಲಾ ಅದನ್ನು ಕೆಳಗಿಟ್ಟಳು.

"ಕೊಟ್ಟಿಲ್ಲ," ಎಂದಳು. "ಹ್ವಾದ ವರ್ಷದಿಂದ ಚಿನ್ನು ಈ ನೀರು ಒಂದ ಗುಟುಕೂ ಕುಡದಿಲ್ಲ. ಮಾವನೇ ಬಿಡಿಸ್ಯಾರ."

ಅವಳು ಯಾರ ಮುಖವನ್ನೂ ನೋಡದೆ ಹೇಳಿ ಮುಗಿಸಿದಳು. ನಿಲೋಫರ ಬಂದು ಹೋದ ದಿನ ಸಂಜೆ ಮಾವ ಅವಳನ್ನು ಒಳಗೆ ಕರೆದ. ತನ್ನ ಅಜ್ಜ ಮಂಜಿಷ್ಠದಲ್ಲಿ ಕೆಂಪು ಕಟ್ಟುತ್ತಿದ್ದ, ಆ ಕೆಂಪು ಸೀರೆ ಹರಿದರೂ ಹೋಗುವುದಿಲ್ಲ, ಬರೀ ನೀರಿಗೆ ಹಳದಿಯಾಗುವ ಬಣ್ಣ ಅದಲ್ಲ; ಆಯಿತೆಂದರೆ ಆ ನೀರಿನಲ್ಲಿ ಏನೋ ಇದೆ ಎಂದ. ಅಂದಿನಿಂದ ನಳದ ನೀರನ್ನು ತಾನೇ ಹಿಡಿದು ಅಡುಗೆಮನೆಯ ಮೂಲೆಯಲ್ಲಿ ಮುಚ್ಚಿಡುತ್ತಿದ್ದ. ಬಾಗಿಲು ಹಾಕಿ ಚಿನ್ನುವಿಗೆ ಕುಡಿಸಬೇಕು. ಮುಂಜಾನೆ ಓಣಿಯ ಮಕ್ಕಳ ಸಾಲಿನಲ್ಲಿ ಅವಳಿಗೆ ಕೊಡುವ ಲೋಟದಲ್ಲೂ ಅದೇ ನೀರು. ಹೊರಗೆ ಹೇಳಿದರೆ ಕೂಸಿನ ಮೇಲೆ ಆಣೆ ಎಂದಿದ್ದ. ತಾನು ಮಾತ್ರ ಎಲ್ಲರ ಎದುರಿಗೆ ಬಾವಿಯ ನೀರನ್ನೇ ಕುಡಿದ.

ಸಕ್ರವ್ವ ಮಕ್ಕಳ ಸಾಲಿಗೆ ಹೋಗಿ, ಮೊಮ್ಮಗನ ಗದ್ದ ಹಿಡಿದೆತ್ತಿ, ಎಲ್ಲರೂ ನೋಡುವಂತೆ ಬಾಯಿ ತೆರೆಸಿದಳು. ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಗೆರೆ. ಎಲ್ಲರ ಕಣ್ಣು ತನ್ನ ಕಡೆ ತಿರುಗುತ್ತಲೇ ಪಕ್ಕದಲ್ಲಿ ಕೂತಿದ್ದ ಚಿನ್ನು ತಾನೇ ಕೈಯಿಂದ ಬಾಯಿ ಮುಚ್ಚಿಕೊಂಡಳು. ಸಕ್ರವ್ವ ಫೋಟೊದ ಕಡೆ ತಿರುಗಿ ಒಂದು ಬೈಗುಳ ಬೈದಳು. ಅದನ್ನು ಇಲ್ಲಿ ಬರೆಯಲಾರೆ. ಒಬ್ಬಳು ಕೊಡ ಉರುಳಿಸಿದಳು. ಇನ್ನೊಬ್ಬಳು ಮಗನ ಎಲೆಯ ಮುಂದಿನ ಲೋಟ ಕಿತ್ತುಕೊಂಡಳು. ಅನ್ನಕ್ಕೆ ನೀರು ಹರಿಯಿತು, ಮಕ್ಕಳು ಅತ್ತವು, ಊಟ ಅರ್ಧಕ್ಕೆ ನಿಂತಿತು. ಹತ್ತು ನಿಮಿಷದ ಹಿಂದೆ ದೇವರಾಗಿದ್ದವನನ್ನು ಕಳ್ಳ ಎಂದರು, ಮಕ್ಕಳನ್ನು ತಿಂದವನು ಎಂದರು. ಅರುಣಕುಮಾರನ ಅಂಗಿಯ ಮೇಲೆ ಯಾರೋ ಸಾರು ಎಸೆದರು. ಅವನು ಜೊತೆಗೆ ತಂದಿದ್ದ ಯಂತ್ರವನ್ನು ಬಿಟ್ಟು ಹೋದ. ಅಮರೇಶ ಅಪ್ಪನ ಫೋಟೊವನ್ನು ಒಳಗೆ ತೆಗೆದುಕೊಂಡು ಹೋಗಿ ಗೋಡೆಗೆ ಮುಖ ಮಾಡಿ ಇಟ್ಟ. ಅವರು ಬೈದದ್ದು ಸರಿಯಾಗಿತ್ತು.

ಎಲ್ಲರೂ ಹೋದ ಮೇಲೆ ನಿರ್ಮಲಾ ಒದ್ದೆ ಅನ್ನವನ್ನು ಬಳಿಯುತ್ತಿದ್ದಳು. ಓಣಿಗೆ ಹೇಳಲು ನಾಚಿಕೆಯಾಯಿತು, ಅದು ತಿಳಿಯುತ್ತದೆ, ಆದರೆ ನನಗಾದರೂ ಹೇಳಬಹುದಿತ್ತಲ್ಲ ಎಂದು ಕೇಳಿದೆ. ನಾನು ಜನರ ಮುಂದೆ ಹೇಳುತ್ತಿರಲಿಲ್ಲ, ಹೇಗಾದರೂ ಮಾಡಿ ಬಾವಿ ಮುಚ್ಚಿಸುತ್ತಿದ್ದೆ, ಅವನ ಹೆಸರೂ ಉಳಿಯುತ್ತಿತ್ತು. ಅವಳು ಕೈ ನಿಲ್ಲಿಸಲಿಲ್ಲ.

"ನಾನೂ ಅದನ್ನ ಅಂದ್ನಿರಿ. ಬ್ಯಾರೆ ಯಾರಿಗರ ಹೇಳೇನು, ಅಂದ್ಯಾಗ ಹೇಳಂಗಿಲ್ಲ ಅಂದ್ರು. ಹೇಳಿದ್ರ ಆಂವ ಗೆದ್ದಂಗ ಆಗತೈತಂತ."

ಈಗ ಆ ಓಣಿಯವರು ನಳದ ನೀರು ಕುಡಿಯುತ್ತಾರೆ. ಬಾವಿಯ ನೀರು ಕಡಾಯಿಗೆ ಮಾತ್ರ. ನಾನು ಗೆದ್ದಿದ್ದೇನೆ, ಸಿದ್ದಾರೂಢ. ಸಕ್ರವ್ವನ ಮೊಮ್ಮಗನಿಗೆ ಆ ಗೆರೆಬಿದ್ದ ಹಲ್ಲುಗಳ ಬದಲು ಹೊಸ ಹಲ್ಲು ಇನ್ನು ಬರುವುದಿಲ್ಲ.